ಅಕ್ಕನ ಸೊಂಟದ ಮೇಲೆ ನನ್ನ ಕಾಲು

ನಾನು ಹುಟ್ಟುವಾಗ ಮೊದಲು ಹೊರಬಂದದ್ದು ತಲೆಯಲ್ಲ, ಕಾಲು. ಹಾಗೆ ಹುಟ್ಟಿದವರು ಸೊಂಟ ತುಳಿದರೆ ನೋವು ಹೋಗುತ್ತದೆ ಅಂತ ನಮ್ಮ ಕಡೆ ನಂಬಿಕೆ. ಸೊಂಟ ಹಿಡಿದವರೆಲ್ಲ ಭಾನುವಾರ ಬೆಳಿಗ್ಗೆ ಸಿರುಗುಪ್ಪದ ನಮ್ಮ ಮನೆಗೆ ಬರುತ್ತಿದ್ದರು. ಹೊಸ್ತಿಲ ಮುಂದೆ ಬೋರಲು ಮಲಗಿಸಿ, ಬಲಗಾಲಿನಿಂದ ಮೂರು ಸಲ ಮೆಟ್ಟುತ್ತಿದ್ದೆ. ಓದಿದವನು ನಾನು, ಆದರೂ ಆ ಧಿಮಾಕು ಬಿಟ್ಟಿರಲಿಲ್ಲ.

ಕುರುಗೋಡಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಸೊಂಟದಿಂದ ಬಲಗಾಲಿನ ಹೆಬ್ಬೆರಳವರೆಗೆ ಸೆಳೆತ ಶುರುವಾದಾಗ ಬಳ್ಳಾರಿಯ ಗಾಂಧಿನಗರದ ಡಾಕ್ಟರಿಗೆ ತೋರಿಸಿದೆವು. ಸ್ಕ್ಯಾನಿಂಗ್ ನೋಡಿ, ಬೆನ್ನೆಲುಬು ಜರುಗಿ ನರ ಒತ್ತುತ್ತಿದೆ ಎಂದರು. "ಈಗ್ಲೇ ಆಪರೇಷನ್ ಬ್ಯಾಡ. ಗುಳಿಗಿ ತಗೊಂಡು, ವ್ಯಾಯಾಮ ಮಾಡಿ ನೋಡ್ರಿ. ಆದ್ರ ಪಾದ ಎತ್ತಾಕ ಬರ್ಲಿಲ್ಲಂದ್ರ, ಚಪ್ಪಲಿ ತಾನಾ ಕಳಚಿ ಬೀಳಾಕತ್ತಿದ್ರ, ಅವತ್ತ ಬರ್ರಿ. ಆವಾಗ ಸ್ಕ್ರೂ ಹಾಕಿ ಎಲುಬು ಕೂಡಿಸಬೇಕಾಗ್ತೈತಿ."

ಸ್ಕ್ರೂ ಅಂದದ್ದೇ ತಡ, ಅಕ್ಕನ ಜೀವ ಬಾಯಿಗೆ ಬಂತು. ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಲೇ, ನೀ ಅದೀಯಲ್ಲ, ತುಳಿ" ಎಂದಳು. ಮೂರು ಭಾನುವಾರ ತುಳಿದೆ. ವ್ಯಾಯಾಮದ ಚೀಟಿ ದೇವರ ಗೂಡಿನಲ್ಲೇ ಉಳಿಯಿತು.

ಸೆಳೆತ ನಿಂತೇಬಿಟ್ಟಿತು! ಅಕ್ಕ ಓಣಿ ತುಂಬ ನನ್ನನ್ನು ಹೊಗಳಿದಳು, ನಾನೂ ಉಬ್ಬಿದೆ. ಮೂರನೇ ಭಾನುವಾರ ಅವಳನ್ನು ಬಸ್ಸು ಹತ್ತಿಸಲು ಹೋದಾಗ, ಅವಳ ಬಲಗಾಲ ಚಪ್ಪಲಿ ನಾಲ್ಕು ಹೆಜ್ಜೆ ಹಿಂದೆಯೇ ಬಿದ್ದಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. "ಏನಕ್ಕಾ, ಚಪ್ಪಲಿ ದಾನ ಮಾಡಾಕತ್ತೀಯೇನು?" ಎಂದು ನಕ್ಕೆ. ಅವಳೂ ನಕ್ಕಳು. ಡಾಕ್ಟರ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ನೋವು ಹೋಗಿದೆಯಲ್ಲ ಎಂದು ಸುಮ್ಮನಾದೆ.

ಎರಡು ತಿಂಗಳ ಮೇಲೆ ಅವಳು ಮನೆಯಲ್ಲೇ ಎಡವಿ ಬಿದ್ದಾಗ ಮತ್ತೆ ಗಾಂಧಿನಗರಕ್ಕೆ ಓಡಿದೆವು. ಪಾದ ಜೋತುಬಿದ್ದಿತ್ತು. ನರ ಸೋತಾಗಲೂ ಒಮ್ಮೊಮ್ಮೆ ನೋವು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದರು. "ಚಪ್ಪಲಿ ಯಾವಾಗಿಂದ ಕಳಚಾಕತ್ತೈತಿ? ಯಾರ ಕಡಿಂದಾದ್ರೂ ತುಳಿಸ್ಕೊಂಡ್ರೇನು?" ಎಂದು ಕೇಳಿದರು.

ಅಕ್ಕ ನನ್ನ ಕಡೆ ನೋಡಲೇ ಇಲ್ಲ. "ಎಂಟ ದಿನಾತ್ರಿ. ಯಾರೂ ತುಳಿದಿಲ್ರಿ" ಎಂದಳು.

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ನನ್ನದು, ಥೂ, ಅವತ್ತು ಏನಾಗಿತ್ತು ಅದಕ್ಕೆ? ನಾಚಿಕೆಯಾಗುತ್ತದೆ.

ಆಪರೇಷನ್ ಆಯಿತು. ಸೊಂಟ ನೆಟ್ಟಗಾಯಿತು, ಪಾದ ಏಳಲಿಲ್ಲ. ಹೊತ್ತಿಗೆ ಸರಿಯಾಗಿ ಬಂದಿದ್ದರೆ ಎಂದು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಅಂದಿನಿಂದ ನಾನು ಯಾರನ್ನೂ ತುಳಿದಿಲ್ಲ. ಬಂದವರನ್ನು ಬೈದು ಬಳ್ಳಾರಿಗೆ ಕಳಿಸುತ್ತೇನೆ.

ಅಕ್ಕ ಈಗ ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕುತ್ತಾಳೆ. ಬಗ್ಗುವುದು ಕಷ್ಟ. ಅದಕ್ಕೆ ನಮ್ಮ ಮನೆಯಿಂದ ಹೊರಟಾಗಲೆಲ್ಲ ಅದೇ ಹೊಸ್ತಿಲ ಮುಂದೆ ಕೂತು ನಾನೇ ಪಟ್ಟಿ ಹಾಕುತ್ತೇನೆ. ಹೋದ ತಿಂಗಳು ಅವಳ ಪಾದ ಕೈಯಲ್ಲಿ ಹಿಡಿದುಕೊಂಡೇ, "ಅಕ್ಕಾ, ಅವತ್ತ ಡಾಕ್ಟ್ರ ಮುಂದ ನಾ ಹೇಳಬೇಕಿತ್ತು" ಎಂದೆ.

"ಲೇ, ಬಿಗಿಯಾಗಿ ಕಟ್ಟು" ಎಂದಳು. "ಬಸ್ ಹೋಗ್ತೈತಿ."