ಕಾಗದವಿಲ್ಲದ ಪಾರ್ಟು

ಕಲ್ಲೋಳಿಯ ಶೆಟ್ಟೆಪ್ಪನನ್ನು ಕವಿ ಎಂದು ಕರೆದವರಿಗೆ ಚಹಾ ಸಿಗುತ್ತಿತ್ತು, ನಾಟಕದ ಮಾಸ್ತರ ಎಂದು ಕರೆದವರಿಗೆ ಬರೀ ನೀರು. ಊರಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಹಾದ ತಲಬು ಹತ್ತಿದವರೆಲ್ಲ ಕವಿಗಳು ಮನೆಯಲ್ಲಿದ್ದಾರೆಯೇ ಎಂದು ಓಣಿಯ ಆ ತುದಿಯಿಂದಲೇ ಕೂಗುತ್ತ ಬರುವರು. ಕುಡಿದು ಬಾಯಿ ಒರೆಸಿಕೊಂಡು ಕಟ್ಟೆ ಇಳಿದ ಮೇಲೆ, ಮಾಸ್ತರನ ಚಹಾ ಇವತ್ತು ತೆಳ್ಳಗಿತ್ತು ಅನ್ನುವರು. ಶೆಟ್ಟೆಪ್ಪನಿಗೆ ಇದೂ ಗೊತ್ತಿತ್ತು. ಆದರೂ ಕರೆಯುವಷ್ಟು ಹೊತ್ತಾದರೂ ಕರೆದರಲ್ಲ ಎಂದು ಒಲೆಯ ಕಡೆ ತಿರುಗಿ ಇನ್ನೊಂದು ಕಪ್ಪು ಹೇಳುತ್ತಿದ್ದ. ಒಲೆಯ ಮುಂದಿದ್ದವಳು ಅವನ ಹೆಂಡತಿ ಮಾಯವ್ವ. ಕವಿತ್ವದ ಖರ್ಚೆಲ್ಲ ಅವಳ ಸಕ್ಕರೆ ಡಬ್ಬಿಯಿಂದಲೇ ಹೋಗುತ್ತಿತ್ತು.

ಕುರಿ ಕಾಯುವ ಮನೆತನ ಅವರದು. ಆ ಮನೆತನದಲ್ಲಿ ಪೆನ್ನು ಹಿಡಿದ ಮೊದಲ ಮನುಷ್ಯ ಇವನೇ. ಸ್ವಾತಂತ್ರ್ಯ ಬಂದ ವರ್ಷ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದಾಗ ಅವನ ಅಪ್ಪ, ಮಗ ಊರ ಹೊಲಗಳ ಲೆಕ್ಕ ಬರೆಯುವ ತಲಾಠಿಯಾಗುತ್ತಾನೆ, ನಮ್ಮ ಕುರಿ ಯಾರ ಹೊಲಕ್ಕೆ ಬಿದ್ದರೂ ಕೇಳುವವರಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ. ಮಗ ನಾಟಕ ಬರೆಯಲು ಕುಳಿತ. ಮುದುಕ ಸಾಯುವತನಕ, ತಲಾಠಿ ಆಗುವುದು ಬಿಟ್ಟು ಇವನು ರಾಜರ ಹೆಸರಿನಲ್ಲಿ ಸುಳ್ಳು ಪಹಣಿ ಉತಾರ ಬರೆಯುತ್ತಾನೆ ಎಂದು ಬೈದುಕೊಂಡೇ ಇದ್ದ.

ನಾಟಕ ಬರೆಯುವುದೆಂದರೆ ಏನೋ ದೊಡ್ಡ ಸ್ಫೂರ್ತಿ, ಧ್ಯಾನ ಎಂದು ಪಟ್ಟಣದವರು ತಿಳಿದಿರಬಹುದು. ಗೋಕಾಕ, ಹುಕ್ಕೇರಿ ಸೀಮೆಯಲ್ಲಿ ಅದು ಅಂಗಿ ಹೊಲಿದ ಹಾಗೆ. ಮೊದಲು ಊರಿಗೆ ಹೋಗಿ ಅಳತೆ ತೆಗೆದುಕೊಳ್ಳಬೇಕು. ಶೆಟ್ಟೆಪ್ಪ ಚಾವಡಿಯಲ್ಲಿ ಕುಳಿತು, ನಾಟಕದ ವಂತಿಗೆ ಪಟ್ಟಿಗೆ ಯಾರು ಎಷ್ಟು ಹಾಕಿದ್ದಾರೆ ಎಂದು ಕೇಳುತ್ತಿದ್ದ. ಹೆಚ್ಚು ಹಾಕಿದವನು ರಾಜ. ಅವನಿಗಿಂತ ತುಸು ಕಡಿಮೆ ಹಾಕಿದವನು ಸೇನಾಪತಿ. ಒಂದು ಊರಿನಲ್ಲಿ ಅಣ್ಣ ತಮ್ಮ ಸರಿಸಮ ಹಾಕಿಬಿಟ್ಟರು. ಆ ರಾಜ್ಯಕ್ಕೆ ಇಬ್ಬರು ರಾಜರು ಬಂದರು. ಇನ್ನು ಸಾಯುವ ವಿಚಾರ. ಪಾಪಿ ಸಾಯದೆ ನಾಟಕ ಮುಗಿಯುವುದಿಲ್ಲ, ಆದರೆ ಗೌಡರ ಮಗ ಸ್ಟೇಜಿನ ಮೇಲೆ ಸತ್ತರೆ ಅವನ ತಾಯಿ ಅಪಶಕುನ ಎಂದು ಎದ್ದು ನಿಲ್ಲುತ್ತಾಳೆ. ಹಾಗಾಗಿ ಶೆಟ್ಟೆಪ್ಪನ ಪಾಪಿಗಳೆಲ್ಲ ಕೊನೆಗೆ ಪಶ್ಚಾತ್ತಾಪಪಟ್ಟು ಕಾಶಿಗೆ ಹೋಗುತ್ತಿದ್ದರು. ಹದಿನಾರು ನಾಟಕದ ಪಾಪಿಗಳು ಕೂಡಿ ಕಾಶಿಯಲ್ಲಿ ಒಂದು ಓಣಿಯನ್ನೇ ಕಟ್ಟಿರಬೇಕು.

ಮಾತಿಗೂ ಒಂದು ತೂಕವಿರಬೇಕು. ಎಲೈ ಅಧಮಾಧಮನೇ, ಕುಲಕಂಟಕನೇ, ಪರಮಪಾತಕಿಯೇ ಎಂದು ಶುರುವಾದ ಮಾತು ಒಂದೇ ಉಸಿರಿನಲ್ಲಿ ಮುಗಿದುಬಿಟ್ಟರೆ ಕವಿ ದುಡ್ಡು ತಿಂದ ಅಂತಲೇ ಜನ ಹೇಳುವರು. ಆಡುವವನ ಕೊರಳ ನರ ಉಬ್ಬಬೇಕು, ಕೇಳುವವನಿಗೆ ಅರ್ಧ ತಿಳಿಯಬಾರದು. ತಿಳಿದುಬಿಟ್ಟರೆ ಅದನ್ನು ಬರೆಯಲು ಕವಿ ಯಾಕೆ?

ಇನ್ನೊಂದು ಪದ್ಧತಿ ಇತ್ತು. ಇಡೀ ನಾಟಕವನ್ನು ಶೆಟ್ಟೆಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ಕೊಟ್ಟರೆ ಬರುವ ಅಮಾವಾಸ್ಯೆಯೊಳಗೆ ಬಾಜೂ ಊರಿನವರು ಅದನ್ನೇ ಆಡಿ ಮುಗಿಸುತ್ತಾರೆ. ಆದ್ದರಿಂದ ಪ್ರತಿಯೊಬ್ಬನಿಗೆ ಅವನವನ ಮಾತು ಮಾತ್ರ ಬೇರೆ ಹಾಳೆಯಲ್ಲಿ ಬರೆದುಕೊಡುವುದು. ಇದಕ್ಕೆ ನಕಲು ಅನ್ನುತ್ತಾರೆ. ಮೂಲ ವಹಿ ಒಂದೇ. ಅದು ಅವನ ಬಗಲಚೀಲದಲ್ಲಿರುವುದು; ನಾಟಕದ ದಿನ ಮಾತ್ರ, ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವನ ಕೈಗೆ ಹೋಗುವುದು. ಹೀಗಾಗಿ ಶೆಟ್ಟೆಪ್ಪನ ನಾಟಕಗಳನ್ನೆಲ್ಲ ಪೂರ್ತಿ ಓದಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ, ಅವನೂ ಅದನ್ನು ಬರೆದವನು.

೧೯೫೮ರಲ್ಲಿ ಬೆಲ್ಲದ ಬಾಗೇವಾಡಿಯ ಆಚೆಗಿನ ಒಂದು ಹಳ್ಳಿಯಿಂದ ಹದಿನೇಳನೆಯ ನಾಟಕಕ್ಕೆ ಕರೆ ಬಂತು. ಅದು ಮಾಯವ್ವನ ತವರೂರು. ಅಲ್ಲಿನ ಪಂಚರಲ್ಲಿ ಮುಖ್ಯನಾದ ಸತ್ಯಪ್ಪ ಬೆಲ್ಲದ ವ್ಯಾಪಾರಿ, ಮಾತಿನ ಮನುಷ್ಯ. ನಾಟಕಕ್ಕೆ ಹೆಸರು ಬಂದರೆ ಊರಿನ ಖರ್ಚಿನಲ್ಲೇ ಗೋಕಾಕದಲ್ಲಿ ಪುಸ್ತಕ ಮಾಡಿಸುತ್ತೇವೆ, ಮೇಲೆ ದಪ್ಪ ಅಕ್ಷರದಲ್ಲಿ ಕವಿ ಶೆಟ್ಟೆಪ್ಪ ಕಲ್ಲೋಳಿ ಎಂದು ಹಾಕಿಸುತ್ತೇವೆ ಎಂದು ಪಂಚರ ಎದುರೇ ಮಾತು ಕೊಟ್ಟ.

ಶೆಟ್ಟೆಪ್ಪನಿಗೆ ಅನ್ನ ಸೇರದಾಯಿತು. ಹದಿನಾರು ನಾಟಕಗಳನ್ನು ಆಡಿದ ಮರುದಿನವೇ ಜನ ಮರೆತಿದ್ದರು. ನಕಲಿನ ಹಾಳೆಗಳಲ್ಲಿ ಚುರಮುರಿ ಕಟ್ಟಿದ್ದನ್ನು ಅವನೇ ಸಂತೆಯಲ್ಲಿ ಕಂಡಿದ್ದ. ತನ್ನ ರಾಜನ ಶಪಥವನ್ನು ತಾನೇ ಒಂದಾಣೆ ಕೊಟ್ಟು ಬಿಡಿಸಿಕೊಂಡು ಬಂದಿದ್ದ. ಪುಸ್ತಕವಾದರೆ ಹಾಗಲ್ಲ. ಪುಸ್ತಕವಾದವನನ್ನು ಮಾಸ್ತರ ಎನ್ನಲು ಯಾರಪ್ಪನಿಗೂ ಬಾಯಿ ಬರುವುದಿಲ್ಲ. ಇದೊಂದು ಆಗಲಿ, ಆಮೇಲೆ ಬೇಕಾದರೆ ಕುರಿ ಕಾಯುತ್ತೇನೆ ಎಂದು ದೇವರ ಮುಂದೆ ಕೈಮುಗಿದ.

ನಾಟಕದ ಹೆಸರು ‘ಖಡ್ಗದ ಶಪಥ ಅರ್ಥಾತ್ ರಾಜಸಿಂಹನ ಪಶ್ಚಾತ್ತಾಪ’. ರಾಜಸಿಂಹ ಅನ್ಯಾಯ ಮಾಡುತ್ತಾನೆ, ಅವನ ಅನ್ಯಾಯದಿಂದ ಒಬ್ಬ ಬಡವಿಯ ಮಗಳು ಸಾಯುತ್ತಾಳೆ, ತಾಯಿಯ ದುಃಖ ನೋಡಿ ರಾಜನ ಮನಸ್ಸು ಕರಗುತ್ತದೆ, ಮುಂದೆ ಕಾಶಿ ಇದ್ದೇ ಇದೆ. ಎಲ್ಲ ಪಾರ್ಟುಗಳೂ ಹಂಚಿಹೋದವು. ತಾಯಿಯ ಪಾರ್ಟು ಮಾತ್ರ ಯಾರಿಗೂ ಬೇಡವಾಯಿತು. ಕತ್ತಿ ಇಲ್ಲ, ಹಾಡಿಲ್ಲ, ಮಕಮಲ್ಲಿನ ಕೋಟಿಲ್ಲ. ಹರಕು ಸೀರೆ ಉಟ್ಟು ಅತ್ತು ಹೋಗುವುದಕ್ಕೆ ಯಾರು ಪಟ್ಟಿ ಹಾಕುತ್ತಾರೆ? ಕೊನೆಗೆ ಸತ್ಯಪ್ಪ ಕೇದಾರಿಯ ಕಡೆ ಬೆರಳು ತೋರಿಸಿದ. ಕೇದಾರಿ ಕೂಲಿಯವನು, ಹಂದರದ ಕಂಬ ನೆಡಲು ಬಂದಿದ್ದವನು. ಪಟ್ಟಿಗೆ ಒಂದು ಪೈಸೆ ಹಾಕಿರಲಿಲ್ಲ, ಅವನನ್ನು ಯಾರೂ ಕೇಳಿಯೂ ಇರಲಿಲ್ಲ. ಓದು ಬರಹ ಬಾರದವನಿಗೆ ನಕಲು ಕೊಟ್ಟು ಏನು ಮಾಡುವುದು? ಶೆಟ್ಟೆಪ್ಪ ಅವನನ್ನು ಹೊಲದ ಬದುವಿನ ಮೇಲೆ ಕೂರಿಸಿಕೊಂಡು ಬಾಯಲ್ಲೇ ಹೇಳಿಕೊಡಲು ಕುಳಿತ.

ಹಾ ವಿಧಿಯೇ, ನಿಷ್ಕರುಣಿಯೇ, ಎನ್ನ ಗರ್ಭರತ್ನವನ್ನು ಅಪಹರಿಸಿದೆಯಾ ಎಂದು ಮೂರು ಸಲ ಹೇಳಿಕೊಟ್ಟ. ಕೇದಾರಿಯ ನಾಲಗೆ ಹೊರಳಲಿಲ್ಲ. ನಾಲ್ಕನೆಯ ಸಲಕ್ಕೆ ಅವನು ಬದುವಿನ ಹುಲ್ಲು ಕೀಳುತ್ತ ಸಂಕೋಚದಿಂದಲೇ ಕೇಳಿದ.

“ಮಾಸ್ತರ, ಸಿಟ್ಟ ಮಾಡಬ್ಯಾಡ್ರಿ. ಕೂಸು ಸತ್ತಾಗ ಯಾವ ತಾಯಿ ಹಿಂಗ ಮಾತಾಡ್ತಾಳ್ರಿ?”

ಶೆಟ್ಟೆಪ್ಪನಿಗೆ ಸಿಟ್ಟು ನೆತ್ತಿಗೇರಿತು. ಹದಿನಾರು ನಾಟಕ ಬರೆದವನಿಗೆ ಕಂಬ ನೆಡುವವನು ಪಾಠ ಹೇಳುವುದೆಂದರೇನು? ಹಾಗಾದರೆ ಹೇಗೆ ಮಾತಾಡುತ್ತಾಳೆ ಗೊತ್ತೇ ಎಂದು ಗದರಿಸಲು ಬಾಯಿ ತೆರೆದ. ತೆರೆದ ಬಾಯಲ್ಲಿ ಬೇರೆಯೇ ಮಾತು ಬಂತು. ನಾಲ್ಕು ವರ್ಷದ ಹಿಂದೆ ಅವನ ಮಗಳು ಸಾವಿತ್ರವ್ವ ಜ್ವರ ಬಂದು ತೀರಿಕೊಂಡಿದ್ದಳು. ಐದು ವರ್ಷದ ಕೂಸು. ಅವತ್ತು ಮಾಯವ್ವ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿದ ಮಾತುಗಳು ಒಂದೂ ಬಿಡದೆ ಅವನ ಬಾಯಿಂದ ಹೊರಬಿದ್ದವು.

“ಏಳವ್ವಾ, ಹಾಲ ಕಾಸೇನಿ. ನಿನಗ ಕೆನಿ ಸೇರೂದಿಲ್ಲಂತ ತಗದ ಇಟ್ಟೇನಿ. ಇವತ್ತ ತಲಿ ಹಿಕ್ಕೂ ಮುಂದ ಕೂದಲಾ ಜಗ್ಗೂದಿಲ್ಲ ನಾ, ಸಾವಕಾಶ ಹಿಕ್ಕತೇನಿ. ಏಳ ನನ್ನವ್ವಾ, ಹಾಲ ಆರಾಕತ್ತೈತಿ.”

ಕೇದಾರಿಗೆ ಎರಡನೆಯ ಸಲ ಹೇಳಿಕೊಡಬೇಕಾಗಲಿಲ್ಲ. ಮೂಗು ಒರೆಸಿಕೊಂಡು ಕಂಬ ನೆಡಲು ಹೋದ.

ಮೂಲ ವಹಿಯಲ್ಲಿ ಅದನ್ನು ಬರೆದಿಡಬೇಕೆಂದು ಶೆಟ್ಟೆಪ್ಪ ಎರಡು ಮೂರು ಸಲ ಪೆನ್ನು ತೆಗೆದ. ‘ತಾಯಿ ಬರುತ್ತಾಳೆ’ ಎಂದು ಬರೆದ. ಮುಂದೆ ಕೈ ಓಡಲಿಲ್ಲ. ಕೆನಿ, ತಲಿ, ಕೂದಲು ಇವೆಲ್ಲ ನಾಟಕದ ವಹಿಯಲ್ಲಿ ಬರೆಯುವ ಮಾತೇ ಎಂದು ನಾಚಿಕೆಯಾಯಿತು ಅಂತ ತನಗೆ ತಾನೇ ಹೇಳಿಕೊಂಡ. ಅರ್ಧ ಪುಟ ಖಾಲಿ ಬಿಟ್ಟು ರಾಜನ ಪಶ್ಚಾತ್ತಾಪಕ್ಕೆ ಹೋದ. ಅಲ್ಲಿ ಕೈ ಚೆನ್ನಾಗಿ ಓಡಿತು.

ನಾಟಕದ ದಿನ ಮಾಯವ್ವ ತವರಿನವರ ಜೊತೆ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಅಷ್ಟು ವರ್ಷದಲ್ಲಿ ಗಂಡನ ನಾಟಕ ಅವಳು ನೋಡಿದ್ದು ಎರಡೋ ಮೂರೋ. ಹೊಟ್ಟೆ ತುಂಬಿದ ರಾಜರು ಇಷ್ಟು ಯಾಕೆ ಒದರುತ್ತಾರೆ ಎಂದು ಒಂದು ಸಲ ಕೇಳಿದ್ದಕ್ಕೆ, ಹೆಂಗಸರಿಗೆ ಸಾಹಿತ್ಯ ತಿಳಿಯುವುದಿಲ್ಲ ಎಂದು ಅವನು ತೀರ್ಪು ಕೊಟ್ಟಿದ್ದ.

ರಾಜ ಒದರಿದ, ಸಿಳ್ಳೆ ಬಿದ್ದವು. ಸೇನಾಪತಿ ಇನ್ನೂ ಜೋರಾಗಿ ಒದರಿದ. ಆಮೇಲೆ ಕೇದಾರಿ ಬಂದ. ಮೀಸೆ ಬೋಳಿಸಿಕೊಂಡ ಮುಖ, ಮೊಣಕಾಲಿಗೆ ಬಂದ ಸೀರೆ. ಜನ ಘೊಳ್ಳೆಂದು ನಕ್ಕರು. ಅವನು ಬಟ್ಟೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತು, ಅದಕ್ಕೆ ಮಾತ್ರ ಕೇಳಬೇಕು ಅನ್ನುವಂತೆ ಮೆಲ್ಲಗೆ ಮಾತಾಡಿದ. ನಗು ನಿಂತಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು, ಗಂಡಸರು ಕೆಮ್ಮಿದರು. ರಾಜಸಿಂಹನಂತೂ ಪಶ್ಚಾತ್ತಾಪದ ಮಾತು ಮರೆತು ಖರೇನೇ ಅಳಲು ಹತ್ತಿದ. ಶೆಟ್ಟೆಪ್ಪ ಪರದೆಯ ತೂತಿಗೆ ಕಣ್ಣಿಟ್ಟು ನೋಡುತ್ತಿದ್ದ. ಅವನು ನೋಡಿದ್ದು ಸತ್ಯಪ್ಪನ ಮುಖ ಒಂದನ್ನೇ. ಸತ್ಯಪ್ಪ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡದ್ದೇ ತಡ, ಪುಸ್ತಕ ಆಯಿತು ಎಂದುಕೊಂಡ.

ಬೆಳಗ್ಗೆ ಚಾವಡಿಯಲ್ಲಿ ಪಂಚರು ಕೂಡಿದರು. ಪುಸ್ತಕ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರ್ಯಾದೆಯ ರುಮಾಲು ಸುತ್ತಿದ್ದು ಕೇದಾರಿಗೆ. ತಾಯಿಯ ಮಾತುಗಳನ್ನೂ ಕೇದಾರಿಯ ಬಾಯಿಂದ ಬರೆದುಕೊಂಡು ಪುಸ್ತಕದಲ್ಲಿ ಹಾಕಬೇಕು, ಆ ಪುಟದ ಮೇಲೆ ಅವನ್ನು ತಾನೇ ಕಟ್ಟಿ ಆಡಿದವನ ಹೆಸರೇ ಇರಬೇಕು ಎಂದು ತೀರ್ಮಾನವಾಯಿತು. ಶೆಟ್ಟೆಪ್ಪ ಎದ್ದು ನಿಂತು, ಅವು ತನ್ನ ಮಾತು, ಹೇಳಿಕೊಟ್ಟವನು ತಾನೇ ಎಂದ. ಕೇದಾರಿಯೂ ಖರೇ ಮನುಷ್ಯ. ಮಾಸ್ತರರೇ ಹೇಳಿಕೊಟ್ಟರು ಎಂದು ರುಮಾಲು ತೆಗೆದು ಶೆಟ್ಟೆಪ್ಪನ ಕಾಲ ಹತ್ತಿರ ಇಟ್ಟ. ಇವನಲ್ಲಿ ಎಷ್ಟು ವಿನಯ ನೋಡಿರಿ ಎಂದು ಪಂಚರು ಅವನನ್ನು ಮತ್ತಷ್ಟು ಹೊಗಳಿ, ರುಮಾಲು ಮತ್ತೆ ಅವನ ತಲೆಗೇ ಸುತ್ತಿದರು. ಪರದೆಯ ಹಿಂದೆ ವಹಿ ಹಿಡಿದು ನಿಂತಿದ್ದವನು ಕನ್ನಡ ಸಾಲಿಯ ಮಾಸ್ತರ ಮಾಲಿಂಗಪ್ಪ. ಅವನನ್ನು ಕರೆದು ಕೇಳಿದರು. ‘ತಾಯಿ ಬರುತ್ತಾಳೆ’ ಎಂಬುದರ ಕೆಳಗೆ ಅರ್ಧ ಪುಟ ಖಾಲಿ ಇತ್ತು, ಎತ್ತಿಕೊಡಲು ಒಂದಕ್ಷರ ಇರಲಿಲ್ಲ ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಕಲು ಎಲ್ಲಿದೆ ಎಂದರು. ನಕಲೂ ಇಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಸತ್ಯಪ್ಪ ಶೆಟ್ಟೆಪ್ಪನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಮಾಡಿದ. “ನಿಮ್ಮ ಮಾತು ನಮಗ ಗುರುತು ಸಿಗ್ತಾವ್ರಿ ಮಾಸ್ತರ. ಅವು ಒಂದ ಉಸಿರಿನ್ಯಾಗ ಮುಗಿಯೂದಿಲ್ಲ. ಇವು ನಮ್ಮ ಮನ್ಯಾಗ ಮಾತಾಡಿದಂಗ ಅದಾವು. ಇಂಥಾವು ಬರಿಯಾಕ ಕವಿ ಯಾಕ ಬೇಕ್ರಿ?”

ಹದಿನಾರು ನಾಟಕ ಬರೆದು ಊರೂರಿಗೆ ಈ ರುಚಿ ಹತ್ತಿಸಿದವನು ಶೆಟ್ಟೆಪ್ಪನೇ ಅಲ್ಲವೇ? ಒಪ್ಪಿದರೆ ಒಂದು ಕಾರ್ಡು ಹಾಕಿ, ಇಲ್ಲದಿದ್ದರೆ ಪುಸ್ತಕದ ಮಾತು ಇಲ್ಲಿಗೇ ಬಿಡೋಣ ಎಂದು ಸತ್ಯಪ್ಪ ಎದ್ದ. ಬಡವನ ಸಿಟ್ಟು ದವಡೆಗೆ ಮೂಲ ಎಂದು ಶೆಟ್ಟೆಪ್ಪ ಬಾಯಿ ಮುಚ್ಚಿಕೊಂಡು ಹೊರಬಿದ್ದ.

ಸರ್ವೀಸ್ ಮೋಟಾರಿಗೆ ಕಾಯುತ್ತ ಗಂಡ ಹೆಂಡತಿ ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ಕುಳಿತರು. ಮಾಯವ್ವ ತವರಿನವರು ಕಟ್ಟಿಕೊಟ್ಟ ಬುತ್ತಿಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದಳು. ಅಲ್ಲಿತನಕ ಮುಚ್ಚಿದ್ದ ಶೆಟ್ಟೆಪ್ಪನ ಬಾಯಿ ಅಲ್ಲಿ ತೆರೆಯಿತು. ಹಾಡೇ ಹಗಲು ದರೋಡೆ ಇದು, ತನ್ನ ಜೀವಮಾನದಲ್ಲಿ ಇಷ್ಟು ಚಲೋ ಮಾತು ತಾನು ಮಾಡಿರಲಿಲ್ಲ, ಅದೊಂದು ಪುಟಕ್ಕೇ ಕಂಬ ನೆಡುವವನ ಹೆಸರು ಹಾಕುತ್ತಾರಂತೆ, ಉಳಿದ ಮೂವತ್ತು ಪುಟಕ್ಕೆ ತನ್ನ ಹೆಸರು ತೆಗೆದುಕೊಂಡು ಏನು ಸುಡಬೇಕು ಎಂದು ಒಂದೇ ಸಮನೆ ಹೇಳಿದ. ನಡುನಡುವೆ, ನೀನೇ ಕೇಳಿದಿಯಲ್ಲ, ಹೆಂಗಿತ್ತು ಹೇಳು ಎಂದೂ ಕೇಳಿದ.

ಮಾಯವ್ವ ಅವನ ಕಡೆ ತಿರುಗಿದಳು. ಅವಳ ಕಣ್ಣು ಬಾತಿದ್ದನ್ನು ಅವನು ಆಗಷ್ಟೇ ನೋಡಿದ್ದು.

“ಅವತ್ತ ನೀವು ಗ್ವಾಡಿ ಕಡೆ ಮುಖಾ ಮಾಡಿ ಕುಂತಿದ್ರಿ,” ಎಂದಳು. “ನಾ ಅಳಾಕತ್ತೀರಿ ಅಂತ ತಿಳದಿದ್ನಿ. ನಾಕ ವರ್ಸ ಹಂಗಽ ತಿಳದ ಬಾಳೇ ಮಾಡೇನಿ. ಬಾಯಿಪಾಠ ಮಾಡ್ಕೊಳ್ಳಾಕತ್ತಿದ್ರೇನ್ರಿ?”

ಶೆಟ್ಟೆಪ್ಪ ಇಲ್ಲ ಎನ್ನಬಹುದಿತ್ತು. ಯಾವ ಪಾಪಿಯ ಬಾಯಲ್ಲಿ ಯಾವ ಸುಳ್ಳು ಹೇಗೆ ಇಡಬೇಕೆಂದು ಅವನಷ್ಟು ಬಲ್ಲವರು ಆ ಸೀಮೆಯಲ್ಲಿರಲಿಲ್ಲ. ಆದರೆ ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು, ಅವನಿಗೆ ಅವತ್ತಿನ ಗೋಡೆ ಕಣ್ಣಿಗೆ ಕಟ್ಟಿತ್ತು. ಎದೆ ಒಡೆದು ಅಳುತ್ತಿದ್ದದ್ದೂ ನಿಜ. ಅಳುತ್ತಲೇ, ಕೆನಿ ತಗದ ಇಟ್ಟೇನಿ ಎಂಬ ಮಾತು ಕಿವಿಗೆ ಬಿದ್ದಾಗ, ಆಹಾ, ಇದನ್ನು ಮರೆಯಬಾರದು ಎಂದು ಒಳಗೊಬ್ಬನು ಎದ್ದು ಕುಳಿತದ್ದೂ ನಿಜ.

“ಎರಡೂ,” ಎಂದ.

ಮಾಯವ್ವ ತಲೆಯಾಡಿಸಿದಳು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ದೂರದಲ್ಲಿ ಧೂಳು ಎದ್ದದ್ದು ಕಂಡು ಬುತ್ತಿ ಎತ್ತಿಕೊಂಡು ನಿಂತಳು.

“ಹಂಗಾರ ಕೇದಾರಿ ಹೆಸರಽ ಹಾಕಸ್ರಿ,” ಎಂದಳು. “ಅವಾ ಬರೇ ಅತ್ತಾನ.”

ಶೆಟ್ಟೆಪ್ಪ ಮರುದಿನ ಕಲ್ಲೋಳಿಯಿಂದ ಸತ್ಯಪ್ಪನಿಗೆ ಕಾರ್ಡು ಹಾಕಿದ. ಪುಸ್ತಕ ಅಚ್ಚಾಗಿ ಬಂತು, ಮೇಲೆ ಅವನ ಹೆಸರು ದಪ್ಪ ಅಕ್ಷರದಲ್ಲೇ ಇದೆ. ಆ ಪುಟದ ಮೇಲೆ ಕೇದಾರಿಯ ಹೆಸರಿದೆ. ಜನ ಬರೀ ಚಹಾದ ಆಸೆಗಲ್ಲದೆ ಖರೇನೇ ಅವನನ್ನು ಕವಿ ಎಂದು ಕರೆಯಲು ಶುರುಮಾಡಿದರು. ಹಾಗೆ ಕರೆದಾಗಲೆಲ್ಲ ಅವನು ಒಲೆಯ ಕಡೆ ತಿರುಗದೆ, ತಾನೇ ಎದ್ದು ಹೋಗಿ ಚಹಾಕ್ಕೆ ನೀರು ಇಡುತ್ತಿದ್ದ.