ನೇಕಾರ್ತಿಯನ್ನು ತವರಿಗೆ ಕಳಿಸಿದೆ

ಪುಸ್ತಕದ್ದೇ ತಪ್ಪು ಎಂದು ನನ್ನ ಗಂಡ ವಿನಾಯಕ ಹಟ ಹಿಡಿದರು. ದಪ್ಪನೆಯ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ. ಸಾಲುಗಳು ಬಲಗಡೆ ಅರ್ಧಕ್ಕೇ ನಿಲ್ಲುತ್ತವೆ ಎಂದು ಅಂಗಡಿಗೆ ಹೋಗಿ ಜಗಳ ತೆಗೆದು, ಬೇರೆ ಪ್ರತಿ ತಂದರು. ಅದೂ ಹಾಗೇ ಇತ್ತಂತೆ. "ಎಲ್ಲಾ ಹಿಂಗ ಛಾಪಿಸ್ಯಾರ ನೋಡು!" ನಾನು ನೋಡಿದೆ. ಸಾಲುಗಳು ಸರಿಯಾಗಿಯೇ ಇದ್ದವು.

ವಾರದೊಳಗೆ ಒಂದಕ್ಷರವೂ ಓದಲಾಗದಂತಾಯಿತು. ಬರೆಯಲು ಬರುತ್ತಿತ್ತು. ತಾವೇ ಬರೆದದ್ದನ್ನು ಓದಲು ಬರುತ್ತಿರಲಿಲ್ಲ. ಎಂಆರ್‌ಐ ಆಯಿತು. ಆಪರೇಷನ್. ಬಯಾಪ್ಸಿ.

ಮೆದುಳಿನ ಕ್ಯಾನ್ಸರ್. ಗ್ರೇಡ್ ಫೋರ್, ಎಲ್ಲಕ್ಕಿಂತ ಕೆಟ್ಟದ್ದು.

ಡಾಕ್ಟರು ನನ್ನನ್ನೊಬ್ಬಳನ್ನೇ ಹೊರಗೆ ಕರೆದು, ಅವರಿಗೆ ಹೇಳೋಣವೇ ಎಂದು ಇಲ್ಲಿಯ ಮಾತಾದ ಮರಾಠಿಯಲ್ಲಿ ಕೇಳಿದರು. "ನಕೋ," ಬೇಡ, ಎಂದೆ. ನಮ್ಮ ಮಂದಿಯಲ್ಲಿ ಯಾರು ಹೇಳುತ್ತಾರೆ? ಧಾರವಾಡದಲ್ಲಿ ನನ್ನ ಅಪ್ಪನಿಗೂ ಅವರ ರೋಗ ಯಾವುದೆಂದು ಹೇಳಿರಲಿಲ್ಲ. ಒಳಗೆ ಬಂದರೆ ಇವರು ರಿಪೋರ್ಟ್ ಹಿಡಿದು ಕೂತಿದ್ದರು.

"ಏನ್ ಬರದಾರ, ಓದು."

"ಸಾದಾ ಗಂಟಂತ್ರೀ. ಮತ್ತ ಬೆಳೀಬಾರದಂತ ಕರೆಂಟ್ ಕೊಡ್ತಾರಂತ."

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅದಕ್ಕೇ ನನ್ನ ಮೇಲೆ ನನಗೆ ಈಗಲೂ ಸಿಟ್ಟು.

ರೇಡಿಯೇಷನ್ ಶುರುವಾಯಿತು. ಮಗರಪಟ್ಟಾ ಬಡಾವಣೆಯ ಮನೆಯಿಂದ ದಿನಾ ಬೆಳಿಗ್ಗೆ ರಿಕ್ಷಾ, ಆಮೇಲೆ ಎರಡು ತಾಸು ಆಸ್ಪತ್ರೆಯ ಬೆಂಚಿನ ಮೇಲೆ. ಅಲ್ಲಿ ಆ ಕಾದಂಬರಿಯನ್ನು ಓದಿ ಹೇಳು ಎಂದರು. ನಾನು ಕನ್ನಡ ಶಾಲೆಯವಳು. ಇಂಗ್ಲಿಷ್ ಪ್ಯಾರಾ ಒಂದನ್ನು ಮನಸ್ಸಿನಲ್ಲೇ ಓದಿಕೊಂಡು ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಅಬ್ಬಾ, ಎಷ್ಟು ಜನ, ಎಷ್ಟು ರಾಜ್ಯ! ಹತ್ತು ಪುಟಕ್ಕೊಮ್ಮೆ ಕಾಲ ಹಿಂದುಮುಂದು. ನಾನು ಗೊಂದಲಕ್ಕೆ ಬಿದ್ದರೆ ಇವರು ನಕ್ಕು ದಾರಿ ತೋರಿಸುತ್ತಿದ್ದರು. ಕಥೆಯ ಕೇಂದ್ರದಲ್ಲಿ ಇದ್ದದ್ದು ಒಬ್ಬ ನೇಕಾರ್ತಿ, ಅವಳ ಗಂಡ ನಾವಿಕ. ಆ ಲೋಕದಲ್ಲಿ ಸತ್ತವರು ಹೊಳೆಯಾಚೆಯ ಊರಲ್ಲಿ ಇರುತ್ತಾರೆ. ಬದುಕಿರುವವರು ತಮ್ಮ ಅರ್ಧ ಆಯುಷ್ಯ ಕೊಟ್ಟರೆ ಒಬ್ಬರನ್ನು ಮರಳಿ ತರಬಹುದು.

ಒಂದು ದಿನ ಪುಟ ತಿರುವಿದರೆ ನೇಕಾರ್ತಿ ಜ್ವರದಲ್ಲಿ ಸಾಯುತ್ತಿದ್ದಳು. ಪಕ್ಕದಲ್ಲಿ ಇವರು, ಬೋಳು ತಲೆಗೆ ಮಫ್ಲರ್ ಸುತ್ತಿಕೊಂಡು ಕಿವಿಗೊಟ್ಟು ಕೂತಿದ್ದರು. ನನ್ನ ಬಾಯಿ ತಾನಾಗಿ ಹೇಳಿತು: "ಆಕಿ ತವರಿಗೆ ಹೋದ್ಲು."

"ಯಾಕ?"

"ಬಾಣಂತನಕ್ಕ."

ನಾಲ್ಕು ದಿನ ಹೇಗೋ ಸಂಭಾಳಿಸಿದೆ. ಆದರೆ ಆ ಹಾಳು ಪುಸ್ತಕದಲ್ಲಿ ಒಂದು ಸಾವು ತೆಗೆದರೆ ಮುಂದಿನದೆಲ್ಲ ಕುಸಿಯುತ್ತದೆ. ನಾವಿಕ ಹೆಂಡತಿಯನ್ನು ಹುಡುಕಲು ದೋಣಿ ಹತ್ತಿ ಹೊಳೆಯಾಚೆ ಹೊರಟ ಎಂದು ಹೇಳಲೇಬೇಕಾಯಿತು. ಇವರು ನನ್ನ ಕೈಮೇಲೆ ಕೈಯಿಟ್ಟರು.

"ತವರಿಗೆ ಹೋದಾಕಿನ್ನ ಸತ್ತವರ ಊರಾಗ ಯಾಕ ಹುಡಕ್ತಾನ?"

ನಾನು ಪುಸ್ತಕ ಮುಚ್ಚಿದೆ.

"ನನ್ನ ರಿಪೋರ್ಟೂ ಹಿಂಗ ಓದೀಯೇನು?"

ಮನೆಗೆ ಬಂದು ಕಪಾಟಿನಿಂದ ರಿಪೋರ್ಟ್ ತೆಗೆದೆ. ಒಂದು ಶಬ್ದವನ್ನೂ ಬಿಡದೆ ಓದಿದೆ. ಎಷ್ಟು ದಿನ ಎಂದು ಕೇಳಿದರು. ವರ್ಷ ಅಂದಾರ, ಕೆಲವರಿಗೆ ಸ್ವಲ್ಪ ಹೆಚ್ಚು ಎಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ರೋಗಕ್ಕಿಂತ ಆ ಎರಡು ದಿನ ನನಗೆ ಭಾರವಾದವು. ಅವರು ಎದೆಗುಂದುತ್ತಾರೆ ಎಂದಲ್ಲವೇ ನಾನು ಮುಚ್ಚಿಟ್ಟದ್ದು? ಮೂರನೆಯ ದಿನ ಚಹಾ ಕೊಡಲು ಹೋದಾಗ ಹೇಳಿದರು: "ಅಂಜಿಕಿ ನಿಂದು. ನನ್ನ ಹೆಸರಿಗೆ ಬರದಿ."

ಹೌದು. ನನ್ನದೇ.

ಚಹಾ ಮುಗಿಸಿ ಬೆಳಗಾವಿಗೆ ಫೋನ್ ಹಚ್ಚಿಸಿಕೊಂಡರು. ಅಲ್ಲಿ ಅವರ ಅಕ್ಕ ಇದ್ದಾರೆ. ಪ್ರತಿ ದೀಪಾವಳಿಗೆ ಬಂದು ತಮ್ಮನಿಗೆ ಆರತಿ ಮಾಡುವವರು. ಗುಣವಾದ ಮೇಲೆ ಬಾ ಎಂದು ಇವರೇ ಅವರನ್ನು ತಡೆದಿದ್ದರು. ನನ್ನ ಮಾತು ನಂಬಿ. "ಅಕ್ಕಾ, ದೀಪಾವಳಿತನಕ ಕಾಯಬ್ಯಾಡ. ಈಗ ಬಾ. ಆರತಿನೂ ಈಗ ಮಾಡು."

ಆಷಾಢದಲ್ಲಿ ಎಂಥ ಆರತಿ ಎಂದು ಅಕ್ಕ ಕೇಳಲಿಲ್ಲ. ಮರುದಿನವೇ ಬಂದರು. ಹಾಲ್‌ನಲ್ಲಿ ಮಣೆ ಹಾಕಿ ಕೂರಿಸಿದೆವು. ಎಡಗಡೆ ನಿಂತು ಬೆಳಗು, ಬಲಗಡೆ ಕಾಣೋದಿಲ್ಲ ಎಂದರು ಇವರು. ಅಕ್ಕ ಎಡಕ್ಕೆ ಸರಿದು ಬೆಳಗಿದರು. "ದೀಪಾವಳಿಗೂ ಬರ್ತೀನಿ ನೋಡಪಾ," ಎಂದರು.

"ಬಾ. ನಾ ಇಲ್ಲಂದ್ರೂ ಬಾ. ಇಕಿ ಒಬ್ಬಾಕಿನ ಇರ್ತಾಳ."

ಇಷ್ಟು ದಿನ ಅಳು ಬಂದಾಗಲೆಲ್ಲ ಅಡಿಗೆಮನೆಗೆ ಓಡುತ್ತಿದ್ದೆ. ಅವತ್ತು ಅವರ ಎದುರಿಗೇ ಕೂತು ಅತ್ತೆ.