ಎಡಗೈ ಬ್ರೇಕು

ಫ್ರಾನ್ಸಿನ ಕಾಡುಗುಡ್ಡಗಳಲ್ಲಿ, ಕಾರುಗಳೇ ಇಲ್ಲದ ದಾರಿಯಲ್ಲಿ ಸೈಕಲ್ ತುಳಿಯಲು ಗಂಡ ಟಿಕೆಟ್ ತೆಗೆದಿದ್ದರು. ಅಭ್ಯಾಸಕ್ಕೆಂದು ಅಮೆರಿಕದ ನಮ್ಮೂರು ಫಾಸ್ಟರ್ ಸಿಟಿಯಿಂದ ಸೈಕಲ್‌ಗಳನ್ನು ಕಾರಿಗೆ ಹೇರಿಕೊಂಡು, ಮುಗಿಲೆತ್ತರದ ರೆಡ್‌ವುಡ್ ಮರಗಳ ಕಾಡಿಗೆ ಹೋದೆವು. ಅಲ್ಲಿ ಕಾಡಿನೊಳಗಿನ ದಾರಿಯಲ್ಲೂ ಕಾರುಗಳಿಲ್ಲ. ಬಿದ್ದರೆ ಎತ್ತುವವರೂ ಇಲ್ಲ ಎಂದು ಇಳಿಜಾರಿನಲ್ಲಿ ಹೊಳೆಯಿತು.

ನಾನು ಮೈಸೂರಿನಲ್ಲಿ ಸೈಕಲ್ ಕಲಿತವಳು. ನಮ್ಮಲ್ಲಿ ಎಡಗೈ ಬ್ರೇಕು ಹಿಂದಿನ ಚಕ್ರಕ್ಕೆ, ಅಮೆರಿಕದಲ್ಲಿ ಮುಂದಿನದಕ್ಕೆ. ವೇಗ ಏರಿದಾಗ ಗಾಬರಿಯಲ್ಲಿ ಎಡಗಡೆಯದನ್ನೇ ಬಿಗಿಯಾಗಿ ಹಿಡಿದೆ. ಹಿಂದಿನ ಚಕ್ರ ಮೇಲೆದ್ದಿತು, ಕೆಳಗೆ ಕಣಿವೆ ಕಂಡಿತು. ಹೇಗೋ ಕೈ ಸಡಿಲಿಸಿ ಮಣ್ಣಿನ ದಿಬ್ಬಕ್ಕೆ ನುಗ್ಗಿ ನಿಂತೆ.

ಮುಂದೆ ಹೋಗಿದ್ದ ಗಂಡ ತಿರುಗಿ ಬಂದರು. "ಏನಾಯ್ತೇ?"

"ಬ್ರೇಕು ಉಲ್ಟಾ ಕಣ್ರೀ. ನಾನಿನ್ನು ಹತ್ತಲ್ಲ."

"ಫ್ರಾನ್ಸಲ್ಲೂ ಹಿಂಗೇ ಇರತ್ತೆ."

"ಅಲ್ಲೂ ತಳ್ಕೊಂಡೇ ಬರ್ತೀನಿ ಬಿಡಿ."

ಕಾರು ನಿಲ್ಲಿಸಿದ್ದ ಜಾಗದವರೆಗೂ ತಳ್ಳಿಕೊಂಡೇ ಇಳಿದೆ.